ದಾರಿಯ ಅಧಿಕಾರಿ, ದೂರದ ಪ್ರಧಾನಿ: ನಾರ್ವೆಯ ಪೇಡರ್ ಆಂಕರ್ (1749–1824)

ನಾರ್ವೆಯ ಚರಿತ್ರೆ ಓದುವವರಿಗೆ ಪೇಡರ್ ಆಂಕರ್ ಎರಡು ಕಡೆ ಎದುರಾಗುತ್ತಾನೆ. ರಾಜಕೀಯ ಚರಿತ್ರೆಯಲ್ಲಿ ಅವನು 1814ರ ಸಂವಿಧಾನ ಸಭೆಯ ಮೊದಲ ಅಧ್ಯಕ್ಷ; ಅದೇ ವರ್ಷದ ಕೊನೆಗೆ ಸ್ಟಾಕ್‌ಹೋಮಿಗೆ ಹೋಗಿ ಸ್ವೀಡನ್ ದೊರೆಯ ಪಕ್ಕದಲ್ಲಿ ಕುಳಿತ ನಾರ್ವೆಯ ಪ್ರಧಾನಿ. ಓಸ್ಲೊ ಆಸುಪಾಸಿನ ಸ್ಥಳೀಯ ಚರಿತ್ರೆಯಲ್ಲಾದರೋ ಅವನು ಕಾಡಿನೊಳಗೆ ಗಾಡಿದಾರಿ ಹಾಕಿಸಿದ ಧಣಿ, ಕಬ್ಬಿಣದ ಕಾರ್ಖಾನೆಯ ಒಡೆಯ. ಒಂದು ಕಡೆಯ ಬರಹಗಾರರಿಗೆ ಇನ್ನೊಂದು ಕಡೆಯ ಆಂಕರ್ ಅಡಿಟಿಪ್ಪಣಿ ಮಾತ್ರ. ಈ ಇಬ್ಬರನ್ನೂ ಒಟ್ಟಿಗೆ ಕೂರಿಸಿ ನೋಡಿದರೆ ಅವನ ರಾಜಕೀಯ ಬೇರೆ ಬಣ್ಣದಲ್ಲಿ ಕಾಣುತ್ತದೆ ಎಂಬುದು ಈ ಲೇಖನದ ವಾದ. ದಾರಿ ಹಾಕುವ ಕೆಲಸ ಅವನಿಗೆ ಹವ್ಯಾಸವಾಗಿರಲಿಲ್ಲ. ಪರರ ದುಡಿಮೆಯನ್ನು ಗೊತ್ತುಮಾಡಿ ಹಂಚುವ ಅಧಿಕಾರ ಅವನಿಗೆ ಮೊದಲು ಸಿಕ್ಕಿದ್ದೇ ಅಲ್ಲಿ.

1789ರಲ್ಲಿ ಅವನು ಅಕೆರ್ಸ್‌ಹುಸ್ ಪ್ರಾಂತದ ‘ಗೆನೆರಾಲ್‌ವೈ‌ಇಂತೆಂದಾಂತ್’ ಆದ. ಕನ್ನಡದಲ್ಲಿ ಮಹಾಮಾರ್ಗಾಧಿಕಾರಿ ಎನ್ನಬಹುದು. ಪೂರ್ವ ನಾರ್ವೆಯ ದೊಡ್ಡ ಭಾಗ ಈ ಪ್ರಾಂತಕ್ಕೆ ಸೇರಿತ್ತು. ಇಂದಿನ ಓಸ್ಲೊ, ಆಗಿನ ಕ್ರಿಸ್ತಿಯಾನಿಯಾ, ಅದರ ಮುಖ್ಯ ಪಟ್ಟಣ. ಅವನನ್ನು ಇಂದಿನ ಅರ್ಥದಲ್ಲಿ ಎಂಜಿನಿಯರ್ ಎನ್ನುವುದು ಅಷ್ಟು ಸರಿಯಲ್ಲ. ಆ ಕಾಲದ ನಾರ್ವೆಯಲ್ಲಿ ಅಳತೆ, ನಕ್ಷೆ, ಏರಿಳಿತದ ಲೆಕ್ಕ ಸೇನೆಯ ಅಧಿಕಾರಿಗಳ ವಿದ್ಯೆ. 1750ರಲ್ಲಿ ಕ್ರಿಸ್ತಿಯಾನಿಯಾದಲ್ಲಿ ಶುರುವಾದ ಸೇನೆಯ ಗಣಿತಶಾಲೆಯಲ್ಲಿ ಅದನ್ನು ಕಲಿಸುತ್ತಿದ್ದರು. ಆಂಕರ್ ಆ ಶಾಲೆಯಿಂದ ಬಂದವನಲ್ಲ, ವ್ಯಾಪಾರಿ ಮನೆತನದವನು. ಆದರೂ ದಾರಿ ಎಲ್ಲಿ ಹಾಯಬೇಕು, ಯಾವುದು ಮೊದಲಾಗಬೇಕು, ಯಾರು ಮಾಡಬೇಕು ಎಂದು ತೀರ್ಮಾನಿಸುವ ಕುರ್ಚಿ ಅವನದಾಯಿತು. ಎಂಜಿನಿಯರನ ಕೈಯಲ್ಲಿ ಸರಪಳಿ ಇರುತ್ತದೆ. ಆಂಕರನ ಕೈಯಲ್ಲಿದ್ದದ್ದು ರೈತರ ಪಟ್ಟಿ.

ಮನೆತನದ ಬಗ್ಗೆ ಎರಡು ಮಾತು. ತಂದೆ ಕ್ರಿಸ್ತಿಯಾನ್ ಆಂಕರ್ ಕ್ರಿಸ್ತಿಯಾನಿಯಾದ ದೊಡ್ಡ ವರ್ತಕ. ನಾಟಾ ಅವರ ಮುಖ್ಯ ಸರಕು, ಇಂಗ್ಲೆಂಡ್ ಮುಖ್ಯ ಗಿರಾಕಿ. ಅಣ್ಣ ಬೆರ್ನ್ಟ್ ಆಂಕರ್ ತನ್ನ ಕಾಲದ ನಾರ್ವೆಯ ಅತಿ ಶ್ರೀಮಂತರಲ್ಲಿ ಒಬ್ಬ. ದಾಯಾದಿ ಕಾರ್ಸ್ಟೆನ್ ಆಂಕರ್ ಕೋಪನ್‌ಹೇಗನ್‌ನಲ್ಲಿ ಏಷ್ಯಾಟಿಕ್ ಕಂಪನಿಯ ನಿರ್ದೇಶಕರಲ್ಲಿ ಒಬ್ಬನಾಗಿದ್ದ. ಕಾರ್ಸ್ಟೆನ್‌ನ ಅಣ್ಣ ಪೀಟರ್ ಆಂಕರ್ ನಮ್ಮ ದಕ್ಷಿಣ ಭಾರತಕ್ಕೇ ಬಂದವನು. 1788ರಿಂದ 1806ರವರೆಗೆ ಅವನು ತಮಿಳು ಕರಾವಳಿಯ ತರಂಗಂಬಾಡಿಯಲ್ಲಿ ಡೇನರ ಗವರ್ನರ್ ಆಗಿದ್ದ. ಅವನು ಬರೆದಿಟ್ಟ ದಕ್ಷಿಣ ಭಾರತದ ದೇವಾಲಯಗಳ ಚಿತ್ರಗಳು ಓಸ್ಲೊದ ವಸ್ತುಸಂಗ್ರಹಾಲಯದಲ್ಲಿ ಇವೆ. ತರಂಗಂಬಾಡಿಯ ಕೋಟೆಯನ್ನು ನೋಡಿದವರು ಅದನ್ನು ಡೆನ್ಮಾರ್ಕಿನ ಲೆಕ್ಕಕ್ಕೆ ಹಾಕುತ್ತಾರೆ. ಅಲ್ಲಿ ಹದಿನೆಂಟು ವರ್ಷ ಆಳಿದವನು ನಾರ್ವೆಯ ನಾಟಾ ವ್ಯಾಪಾರಿಗಳ ಕುಲದವನು ಎಂಬುದು ಯಾರ ಗಮನಕ್ಕೂ ಬಾರದೆ ಹೋಗಿದೆ. 1814ರವರೆಗೆ ನಾರ್ವೆ ಡೆನ್ಮಾರ್ಕ್ ದೊರೆಯ ಆಳ್ವಿಕೆಯಲ್ಲಿತ್ತು. ಬುದ್ಧಿ, ಹಣ ಎರಡೂ ಇದ್ದವರಿಗೆ ಕೋಪನ್‌ಹೇಗನ್ ಅಂಗಳವಾಗಿತ್ತು, ಏಷ್ಯಾ ಹಿತ್ತಲಾಗಿತ್ತು.

ಈಗ ದಾರಿಯ ವಿಷಯ. ಆ ದೇಶದ ಭಾರವಾದ ಸಾಗಣೆಯೆಲ್ಲ ನಡೆಯುತ್ತಿದ್ದದ್ದು ಚಳಿಗಾಲದಲ್ಲಿ. ಕೆರೆ, ಹೊಳೆ, ಜೌಗು ಎಲ್ಲ ಹೆಪ್ಪುಗಟ್ಟಿದ ಮೇಲೆ ಹಿಮದ ಮೇಲೆ ಕುದುರೆ ಎಳೆಯುವ ಜಾರುಗಾಡಿಗೆ ದಾರಿಯೇ ಬೇಡ. ಬೇಸಗೆಯಲ್ಲೂ ಚಕ್ರ ಉರುಳಬೇಕು ಎಂಬ ಒತ್ತಾಯ ಬಂದದ್ದು ಗಣಿಗಳಿಂದ. 1623ರಲ್ಲಿ ಕೊಂಗ್ಸ್‌ಬೆರ್ಗ್‌ನಲ್ಲಿ ಬೆಳ್ಳಿ ಸಿಕ್ಕಿತು; ಅದನ್ನು ಸಾಗಿಸಲು ಹೊಕ್ಸುಂದ್‌ವರೆಗೆ ಹಾಕಿದ್ದೇ ದೇಶದ ಮೊದಲ ಗಾಡಿದಾರಿ ಎನ್ನುತ್ತಾರೆ. ಒಂದೂವರೆ ಶತಮಾನ ಕಳೆದ ಮೇಲೂ ಗಾಡಿದಾರಿಗಳು ಕಡಿಮೆ. ಹಾಕಿದವಕ್ಕೂ ಫ್ರಾನ್ಸಿನಿಂದ ಬಂದ ಸರಳರೇಖೆಯ ಹುಚ್ಚು: ಗುಡ್ಡ ಅಡ್ಡ ಬಂದರೆ ಸುತ್ತುವುದಿಲ್ಲ, ನೇರ ಹತ್ತುವುದು. ಆಂಕರ್ ಅಧಿಕಾರದಲ್ಲಿದ್ದ ವರ್ಷಗಳಲ್ಲೇ, 1793ರಲ್ಲಿ, ಫಿಲೆಫ್ಯೆಲ್ ಬೆಟ್ಟಸಾಲನ್ನು ದಾಟಿ ಕ್ರಿಸ್ತಿಯಾನಿಯಾವನ್ನು ಬೆರ್ಗೆನ್ ಕಡೆಗೆ ಜೋಡಿಸುವ ರಾಜಮಾರ್ಗ ತಯಾರಾಯಿತು. ಅದರ ವಿಂದ್‌ಹೆಲ್ಲಾ ತುಂಡು ಬೋರ್ಗುಂದ್‌ನ ಹಳೆಯ ಮರದ ಚರ್ಚಿನ ಬಳಿ ಇಂದಿಗೂ ಇದೆ. ಮೊದಲು ಹಾಕಿದಾಗ ಅಲ್ಲಿನ ಏರು ನಾಲ್ಕಕ್ಕೆ ಒಂದು; ನಾಲ್ಕು ಮೊಳ ಮುಂದೆ ಹೋದರೆ ಒಂದು ಮೊಳ ಮೇಲೆ. ತುಂಬಿದ ಗಾಡಿ ಎಳೆಯುವ ಕುದುರೆಗೆ ಅದು ದಾರಿಯಲ್ಲ, ಗೋಡೆ. ಐವತ್ತು ವರ್ಷದ ಮೇಲೆ, 1843ರಲ್ಲಿ, ಕಲ್ಲಿನ ತಡೆಗೋಡೆ ಕಟ್ಟಿ ತಿರುವುಗಳನ್ನು ಕೊಟ್ಟು ಅದನ್ನು ಹೊಸದಾಗಿ ಮಾಡಿದರು.

ಇಷ್ಟನ್ನೆಲ್ಲ ಮಾಡಿದವರು ಯಾರು? ರೈತರು, ಕೂಲಿಯಿಲ್ಲದೆ. ಕನ್ನಡ ಶಾಸನಗಳಲ್ಲಿ ‘ಬಿಟ್ಟಿ’ ಎಂದು ಬರುವ ಪದ ಇದಕ್ಕೆ ಅಳತೆ ತೆಗೆದು ಹೊಲಿಸಿದಂತೆ ಹೊಂದುತ್ತದೆ, ಆದ್ದರಿಂದ ಅದನ್ನೇ ಬಳಸುತ್ತೇನೆ. ಪ್ರತಿಯೊಂದು ಜಮೀನಿಗೂ ಸಾರ್ವಜನಿಕ ದಾರಿಯ ಒಂದು ತುಂಡು ಗೊತ್ತಾಗಿತ್ತು. ಅದರ ಹೆಸರು ‘ರೂದೆ’. ತುಂಡಿನ ಎಲ್ಲೆಯಲ್ಲಿ ಒಂದು ಕಂಬ. ಕಂಬದ ಮೇಲೆ ಜಮೀನಿನ ಹೆಸರು, ಎಷ್ಟು ‘ಆಲೆನ್’ ಉದ್ದ ಎಂಬ ಸಂಖ್ಯೆ. ಒಂದು ಆಲೆನ್ ಎಂದರೆ ಸುಮಾರು 63 ಸೆಂಟಿಮೀಟರ್. ಇಂಥ ಕೆಲವು ಕಂಬಗಳು ಉಳಿದಿವೆ. ಹೊರಗಿನವರಿಗೆ ಅದು ಮೈಲಿಗಲ್ಲಿನ ತಮ್ಮನಂತೆ ಕಾಣುತ್ತದೆ. ನಿಜಕ್ಕೂ ಅದು ಸಾಲದ ಚೀಟಿ: ಇಷ್ಟು ಮೊಳದ ಚರಂಡಿ, ಜಲ್ಲಿ, ಮೋರಿ, ಹಿಮ ತೆಗೆಯುವುದು ಎಲ್ಲವೂ ಈ ಮನೆಯವರ ತಲೆಯ ಮೇಲೆ ಎಂದು ದಾರಿಹೋಕರಿಗೆಲ್ಲ ಕಾಣುವಂತೆ ಬರೆದದ್ದು. ದಾರಿ ಕೆಟ್ಟರೆ ಯಾರನ್ನು ಕರೆಯಬೇಕೆಂದು ಅಧಿಕಾರಿ ಊರೊಳಗೆ ಹೋಗಿ ವಿಚಾರಿಸಬೇಕಿರಲಿಲ್ಲ; ಕುದುರೆಯ ಮೇಲಿಂದಲೇ ಓದಿಕೊಳ್ಳಬಹುದಿತ್ತು.

ಆಂಕರನ ವಿಷಯದಲ್ಲಿ ಇದು ಗೋಜಲಾಗುವುದು 1791ರಲ್ಲಿ. ಆ ವರ್ಷ ಅವನು ಬ್ಯಾರುಮ್ಸ್ ವೆರ್ಕ್ ಎಂಬ ಕಬ್ಬಿಣದ ಕಾರ್ಖಾನೆಯನ್ನು ಕೊಂಡ. ಎರಕದ ಕಬ್ಬಿಣದ ಒಲೆಗಳಿಗೆ ಹೆಸರಾದ ಜಾಗ ಅದು. ಕುಲುಮೆಗೆ ಬೇಕಾದ ಅದಿರು ಬಹುಪಾಲು ದಕ್ಷಿಣದ ಆರೆಂದಾಲ್ ಕಡೆಯ ಗಣಿಗಳಿಂದ ಹಡಗಿನಲ್ಲಿ ಬರುತ್ತಿತ್ತು. ಇದ್ದಿಲು ಮಾತ್ರ ಸುತ್ತಲಿನ ಕಾಡಿನದು. ಹಳೆಯ ರಾಜಸನ್ನದುಗಳ ಪ್ರಕಾರ ಪ್ರತಿ ಕಾರ್ಖಾನೆಗೂ ಅದರ ಸುತ್ತ ಒಂದು ವೃತ್ತ ಗೊತ್ತಾಗಿತ್ತು. ಆ ವೃತ್ತದೊಳಗಿನ ರೈತರು ಕಾರ್ಖಾನೆ ಹೇಳಿದ ದರಕ್ಕೆ ಇದ್ದಿಲು ಸುಟ್ಟು ಕೊಡಬೇಕು, ಸಾಗಣೆಗೆ ಕುದುರೆ ಕಟ್ಟಬೇಕು. ಹೀಗಾಗಿ ಬ್ಯಾರುಮ್ ಸುತ್ತಿನ ರೈತನ ಮೇಲೆ ಎರಡು ಹೊರೆ ಬಿದ್ದಿತ್ತು: ಕಾರ್ಖಾನೆಗೆ ಇದ್ದಿಲು, ಸರಕಾರಕ್ಕೆ ದಾರಿ. 1791ರ ನಂತರ ಎರಡೂ ಹೊರೆಗಳ ತುದಿಯಲ್ಲಿ ನಿಂತಿದ್ದವನು ಒಬ್ಬನೇ. ಕಾರ್ಖಾನೆಯ ಒಡೆಯನಾಗಿ ಆಂಕರ್ ಗಾಡಿ ಕಳಿಸು ಎನ್ನುತ್ತಿದ್ದ. ಮಾರ್ಗಾಧಿಕಾರಿಯಾಗಿ ಆ ಗಾಡಿ ಹೋಗುವ ದಾರಿಯನ್ನು ನೆಟ್ಟಗೆ ಮಾಡು ಎನ್ನುತ್ತಿದ್ದ. ದಕ್ಷಿಣದಲ್ಲಿ ಲೋಫ್ತ್‌ಹುಸ್ ಎಂಬ ರೈತನ ನೇತೃತ್ವದಲ್ಲಿ 1786–87ರಲ್ಲಿ ಅಧಿಕಾರಿಗಳ ವಿರುದ್ಧ ದಂಗೆ ಎದ್ದು ಹೆಚ್ಚು ದಿನವಾಗಿರಲಿಲ್ಲ. ಅದನ್ನು ನೆನೆದರೆ ಈ ಏರ್ಪಾಡು ಎಷ್ಟು ಸಲೀಸಾಗಿ ಒಬ್ಬನ ಕೈಸೇರಿತಲ್ಲ ಎಂದು ಆಶ್ಚರ್ಯವಾಗುತ್ತದೆ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಅದೇ ವರ್ಷಗಳಲ್ಲಿ ಅವನು ತನ್ನ ಸ್ವಂತ ಕೆಲಸಕ್ಕೆಂದು ಒಂದು ಖಾಸಗಿ ದಾರಿ ಹಾಕಿಸಿದ. ಬ್ಯಾರುಮ್ಸ್ ವೆರ್ಕ್ ಕಡೆಯಿಂದ ಕ್ರಿಸ್ತಿಯಾನಿಯಾದ ಉತ್ತರದ ಕಾಡಂಚಿನಲ್ಲಿ ಮಾರಿದಾಲ್ ಕಣಿವೆಯತ್ತ ಸಾಗುವ ಈ ದಾರಿಗೆ ಈಗಲೂ ‘ಆಂಕರ್‌ವೈಯೆನ್’, ಆಂಕರನ ದಾರಿ, ಎಂದೇ ಹೆಸರು. ಅದರ ತುಂಡುಗಳ ಮೇಲೆ ಬೇಸಗೆಯಲ್ಲಿ ಓಸ್ಲೊದ ಜನ ನಡೆಯುತ್ತಾರೆ, ಚಳಿಗಾಲದಲ್ಲಿ ಸ್ಕೀ ಮೇಲೆ ಜಾರುತ್ತಾರೆ. ತನ್ನ ಕಬ್ಬಿಣ ಸಾಗಲು ಬೇಕಾದ ದಾರಿಯನ್ನು ಸಾರ್ವಜನಿಕ ಪಟ್ಟಿಗೆ ತಳ್ಳಿ ಬಿಟ್ಟಿಯಲ್ಲಿ ಮಾಡಿಸಿಕೊಳ್ಳುವುದು ಅವನ ಸ್ಥಾನದಲ್ಲಿದ್ದವನಿಗೆ ಎದ್ದು ಕಾಣುವ ಉಪಾಯ; ಈ ದಾರಿಯ ಮಟ್ಟಿಗಾದರೂ ಅವನು ಅದನ್ನು ಹಿಡಿಯಲಿಲ್ಲ. ಆದರೆ ಅವನಿಗೆ ಖಾಸಗಿ, ಸಾರ್ವಜನಿಕ ಎಂಬ ಗೆರೆ ಸ್ಪಷ್ಟವಾಗಿತ್ತು ಎಂದು ಇದರಿಂದ ತೀರ್ಮಾನಿಸಲು ನಾನು ಸಿದ್ಧನಿಲ್ಲ. ಅವನ ಕಣ್ಣಿಗೆ ಇಡೀ ಪ್ರಾಂತವೇ ಬೋಗ್‌ಸ್ಟಾದ್‌ನ ವಿಸ್ತರಣೆಯಾಗಿ ಕಂಡಿರಬೇಕು. ಬೋಗ್‌ಸ್ಟಾದ್ ಎಂದರೆ ಕೆರೆಯ ದಡದ ಅವನ ಬಂಗಲೆ. ಇಂಗ್ಲಿಷ್ ಮಾದರಿಯ ಉದ್ಯಾನ, ಯುರೋಪಿನಿಂದ ತಂದ ಚಿತ್ರಗಳು, ಅತಿಥಿಗಳಿಗೆ ಎಂದೂ ಮುಚ್ಚದ ಬಾಗಿಲು.

ಮುಂದಿನ ಕಾಲು ಶತಮಾನವನ್ನು ಬೇಗ ದಾಟಬಹುದು. 1805ರಲ್ಲಿ ಬೆರ್ನ್ಟ್ ತೀರಿಕೊಂಡ. 1807ರಲ್ಲಿ ಪೇಡರನ ಒಬ್ಬಳೇ ಮಗಳು ಕಾರೆನ್ ಕೌಂಟ್ ಹೆರ್ಮಾನ್ ವೆಡೆಲ್ ಯಾರ್ಲ್ಸ್‌ಬೆರ್ಗ್‌ನನ್ನು ಮದುವೆಯಾದಳು. ಅದೇ ವರ್ಷ ಡೆನ್ಮಾರ್ಕ್ ನೆಪೋಲಿಯನ್ ಕಡೆ ಸೇರಿತು. ಬ್ರಿಟಿಷ್ ನೌಕಾಪಡೆ ನಾರ್ವೆಯ ಕಡಲನ್ನು ಕಟ್ಟಿತು. ನಾಟಾ ಹೊರಗೆ ಹೋಗಲಿಲ್ಲ, ಧಾನ್ಯ ಒಳಗೆ ಬರಲಿಲ್ಲ, ಜನ ಹಸಿದರು. 1814ರ ಜನವರಿ 14ರ ಕೀಲ್ ಒಪ್ಪಂದದಲ್ಲಿ ಸೋತ ಡೆನ್ಮಾರ್ಕ್ ನಾರ್ವೆಯನ್ನು ಸ್ವೀಡನ್ನಿಗೆ ಬಿಟ್ಟುಕೊಟ್ಟಿತು. ನಾರ್ವೆಯವರು ಒಪ್ಪದೆ ತಮ್ಮದೇ ಸಂವಿಧಾನ ಬರೆಯಲು ಕುಳಿತರು.

ಕುಳಿತದ್ದು ಕಾರ್ಸ್ಟೆನ್ ಆಂಕರನ ಐಡ್ಸ್‌ವೊಲ್ ಬಂಗಲೆಯಲ್ಲಿ. 112 ಪ್ರತಿನಿಧಿಗಳು. ಅಧ್ಯಕ್ಷತೆ ವಾರಕ್ಕೊಬ್ಬರದು, ಮೊದಲ ವಾರ ಪೇಡರನದು. ಅಕೆರ್ಸ್‌ಹುಸ್ ಜಿಲ್ಲೆಯಿಂದ ಬಂದ ಮೂವರನ್ನು ನೋಡಿದರೆ ಸಾಕು, ಇಡೀ ಸಭೆಯ ನಕ್ಷೆ ಸಿಗುತ್ತದೆ: ಸ್ವೀಡನ್ ಜೊತೆಗಿನ ಒಕ್ಕೂಟದ ಪರ ನಿಂತ ಧಣಿ ಪೇಡರ್ ಆಂಕರ್, ಪೂರ್ಣ ಸ್ವಾತಂತ್ರ್ಯದ ಪಕ್ಷವನ್ನು ಮುನ್ನಡೆಸಿದ ನ್ಯಾಯಾಧೀಶ ಕ್ರಿಸ್ತಿಯಾನ್ ಮಾಗ್ನುಸ್ ಫಾಲ್ಸೆನ್, ಜೊತೆಗೆ ರೈತ ಕ್ರಿಸ್ತಿಯಾನ್ ಕೊಲ್ಲೆರೂದ್. ದಾರಿಯ ಪಟ್ಟಿ ಹಿಡಿದಿದ್ದವನೂ ಆ ಪಟ್ಟಿಗೆ ಸೇರುವ ವರ್ಗದವನೂ ಒಂದೇ ಜಿಲ್ಲೆಯ ಪರವಾಗಿ ಒಂದೇ ಕೋಣೆಯಲ್ಲಿ ಕುಳಿತದ್ದು ಅದೇ ಮೊದಲು.

ಆಂಕರ್ ಒಕ್ಕೂಟದ ಪರ ನಿಂತದ್ದಕ್ಕೆ ಕೊಡುವ ವಿವರಣೆ ಗೊತ್ತಿರುವಂಥದ್ದೇ: ನಾಟಾ ಬೇಕಾದದ್ದು ಬ್ರಿಟನ್ನಿಗೆ, ಬ್ರಿಟನ್ ಸ್ವೀಡನ್ನಿನ ಕಡೆ, ಸ್ವಾತಂತ್ರ್ಯವೆಂದರೆ ಮತ್ತೆ ಕಡಲಿಗೆ ಬೀಗ. ಇದರಲ್ಲಿ ಸುಳ್ಳಿಲ್ಲ. ಆದರೆ ಇಷ್ಟೇ ಆಗಿದ್ದರೆ ಕಾರ್ಸ್ಟೆನ್‌ನನ್ನು ಹೇಗೆ ವಿವರಿಸುವುದು? ಅದೇ ಕುಲ, ಅಂಥದೇ ವ್ಯವಹಾರ; ಅವನು ಸ್ವಾತಂತ್ರ್ಯದ ಕಡೆ ನಿಂತು ಬ್ರಿಟನ್ನಿನ ಮಾನ್ಯತೆ ಬೇಡಲು ಲಂಡನ್ನಿಗೆ ಹೋದ, ಬರಿಗೈಯಲ್ಲಿ ಬಂದ. ಹಾಗಾಗಿ ಲಾಭದ ಲೆಕ್ಕವೊಂದೇ ಸಾಲದು. ನನ್ನ ಊಹೆಯಲ್ಲಿ, ಕಾರ್ಸ್ಟೆನ್ ಕೋಪನ್‌ಹೇಗನ್ನಿನ ಆಸ್ಥಾನಗಳಲ್ಲಿ ಪಳಗಿದವನು. ರಾಜರ ಮಾತಿಗೆ ಬೆಲೆ ಉಂಟು ಎಂದು ನಂಬಿದವನು. ಪೇಡರ್ ಹಾಗಲ್ಲ. ಒಂದು ಏರನ್ನು ನೋಡಿದ ಕೂಡಲೇ ಇದನ್ನು ಎಷ್ಟು ಕುದುರೆ ಎಳೆಯಬಲ್ಲವು ಎಂದು ಕೇಳುವ ಅಭ್ಯಾಸ ಅವನದು. ನಾರ್ವೆಯ ಬಳಿ ಅಷ್ಟು ಕುದುರೆಗಳಿರಲಿಲ್ಲ. ಬೇಸಗೆಯಲ್ಲಿ ಸ್ವೀಡನ್ ಜೊತೆ ನಡೆದ ಚಿಕ್ಕ ಯುದ್ಧ ಆಗಸ್ಟ್ 14ರ ಮೊಸ್ ಒಪ್ಪಂದದಲ್ಲಿ ಮುಗಿಯಿತು. ನವೆಂಬರ್ 4ರಂದು ಸ್ಟೋರ್ಟಿಂಗ್, ಎಂದರೆ ಸಂಸತ್ತು, ಸ್ವೀಡನ್ನಿನ ಕಾರ್ಲ್ ದೊರೆಯನ್ನೇ ನಾರ್ವೆಗೂ ದೊರೆಯಾಗಿ ಆರಿಸಿತು. ಸಂವಿಧಾನ ಮಾತ್ರ ಉಳಿಯಿತು.

ಆ ತಿಂಗಳೇ ಆಂಕರ್ ಸ್ಟಾಕ್‌ಹೋಮಿನ ಪ್ರಧಾನಿಯಾದ. ಈ ಹುದ್ದೆಯ ರಚನೆಯೇ ವಿಚಿತ್ರ. ಸರಕಾರ ಇರುವುದು ಕ್ರಿಸ್ತಿಯಾನಿಯಾದಲ್ಲಿ, ದೊರೆ ಇರುವುದು ಸ್ಟಾಕ್‌ಹೋಮಿನಲ್ಲಿ. ದೊರೆಯ ಬಳಿ ನಾರ್ವೆಯ ಒಬ್ಬ ಪ್ರಧಾನಿ, ಜೊತೆಗೆ ಇಬ್ಬರು ಮಂತ್ರಿಗಳು. ಕಡತ ಕ್ರಿಸ್ತಿಯಾನಿಯಾದಲ್ಲಿ ತಯಾರಾಗಿ, ಕಾಡು ಕಣಿವೆ ದಾಟಿ, ದಿನಗಟ್ಟಲೆ ಗಾಡಿಯಲ್ಲಿ ಪಯಣಿಸಿ ಅವನ ಮೇಜಿಗೆ ಬರಬೇಕು. ದೊರೆಯ ಅಂಕಿತ ಬಿದ್ದು ಅದೇ ದಾರಿಯಲ್ಲಿ ಮರಳಬೇಕು. ಒಂದು ಅರ್ಥದಲ್ಲಿ ಅವನು ಮತ್ತೆ ಮಾರ್ಗಾಧಿಕಾರಿಯೇ ಆಗಿದ್ದ. ಈ ಸಲ ಸಾಗಬೇಕಾದದ್ದು ಕಬ್ಬಿಣವಲ್ಲ, ಕಾಗದ. ಅಧಿಕಾರದ ತೂಕವೂ ಅಷ್ಟೇ. ದೇಶದ ಹಣಕಾಸನ್ನು ಗಟ್ಟಿಮಾಡುವ ನಿಜವಾದ ಹೊರೆ ಹೊತ್ತವನು ಕ್ರಿಸ್ತಿಯಾನಿಯಾದಲ್ಲಿ ಹಣಕಾಸು ಮಂತ್ರಿಯಾಗಿದ್ದ ಅಳಿಯ ವೆಡೆಲ್. ಶ್ರೀಮಂತ ಪದವಿಗಳನ್ನು ರದ್ದುಮಾಡುವ ಮಸೂದೆಯನ್ನು ಸ್ಟೋರ್ಟಿಂಗ್ 1815, 1818, 1821ರಲ್ಲಿ ಮೂರು ಸಲ ಪಾಸು ಮಾಡಿತು. ದೊರೆಗೆ ಅದು ಬೇಡ. ಆ ಎಳೆದಾಟದ ನಡುವೆ ನಿಂತವನಿಗೆ ಸಿಗುವ ಮರ್ಯಾದೆ ಎರಡೂ ಕಡೆಯಿಂದ ಅರ್ಧರ್ಧ. ಅವನು ಜಗಳಗಂಟ ಅಲ್ಲದ್ದರಿಂದ ಅಷ್ಟು ವರ್ಷ ಉಳಿದ. ಜಗಳಗಂಟ ಅಲ್ಲದ್ದರಿಂದಲೇ ಅವನ ಗುರುತೂ ಹೆಚ್ಚು ಉಳಿಯಲಿಲ್ಲ. 1822ರಲ್ಲಿ, ಎಪ್ಪತ್ತೆರಡರ ವಯಸ್ಸಿನಲ್ಲಿ, ಹುದ್ದೆ ಬಿಟ್ಟು ಬೋಗ್‌ಸ್ಟಾದ್‌ಗೆ ಮರಳಿದ. ವೆಡೆಲ್ ಮೇಲೆ ಆ ಹೊತ್ತಿಗೆ ಮಹಾಭಿಯೋಗ ನಡೆದು ಖುಲಾಸೆಯಾಗಿತ್ತು. ಅವನೂ ಅದೇ ವರ್ಷ ಮಂತ್ರಿಪದವಿ ಬಿಟ್ಟ.

ಕುಲದ ಉಳಿದವರ ಕತೆ ಸುಖಾಂತವಲ್ಲ. ಬೆರ್ನ್ಟ್ ಬಿಟ್ಟುಹೋದ ಆಸ್ತಿಯ ದತ್ತಿ 1819ರಲ್ಲಿ ದಿವಾಳಿಯಾಯಿತು. ಕಾರ್ಸ್ಟೆನ್ ಸಂವಿಧಾನ ಹುಟ್ಟಿದ ಮನೆಯನ್ನೇ ಕಳೆದುಕೊಂಡ. ಪೇಡರನ ಪಾಲು ಮಾತ್ರ ಚದುರಲಿಲ್ಲ; ಕಾಡು, ಕಾರ್ಖಾನೆ, ಬಂಗಲೆ ಮಗಳು ಅಳಿಯನಿಗೆ ಹೋದವು. ಓಸ್ಲೊದ ಉತ್ತರಕ್ಕೆ ಹಬ್ಬಿರುವ ನೂರ್‌ಮಾರ್ಕಾ ಕಾಡಿನ ದೊಡ್ಡ ಭಾಗ ಇಂದಿಗೂ ಅವನ ವಂಶದ ಕೊಂಡಿಯಿರುವ ಲೋವೆನ್‌ಶಿಯೋಲ್ದ್ ಮನೆತನದ ಸೊತ್ತು.

1824ರ ಜುಲೈ 28ರಂದು ಹೊಸ ನಾರ್ವೆಯ ಮೊದಲ ರಸ್ತೆ ಕಾನೂನು ಬಂತು. ಹೆದ್ದಾರಿ ಯಾವುದು, ಊರದಾರಿ ಯಾವುದು ಎಂದು ಅದು ವಿಂಗಡಿಸಿತು. ರೈತನ ಬಿಟ್ಟಿಯನ್ನು ಮುಟ್ಟಲಿಲ್ಲ. ಹೊಸ ಹೆದ್ದಾರಿಗಳನ್ನು ಸಾರ್ವಜನಿಕ ಹಣದಿಂದ ಕಟ್ಟುವ ಮಾತು ಬರಲು 1851ರ ಕಾನೂನಿನವರೆಗೆ, ತಲೆಗೆ ಒಬ್ಬ ನಿರ್ದೇಶಕನಿರುವ ರಾಷ್ಟ್ರೀಯ ರಸ್ತೆ ಇಲಾಖೆ ಬರಲು 1864ರವರೆಗೆ ಕಾಯಬೇಕಾಯಿತು. ಆಂಕರ್ 1824ರ ಡಿಸೆಂಬರ್ 10ರಂದು, ಎಪ್ಪತ್ತೈದು ತುಂಬಿದ ಎರಡು ದಿನಕ್ಕೆ, ಬೋಗ್‌ಸ್ಟಾದ್‌ನಲ್ಲಿ ತೀರಿಕೊಂಡ. ಆ ಚಳಿಗಾಲದಲ್ಲೂ ರೂದೆಯ ಕಂಬಗಳ ಮೇಲೆ ಅದೇ ಜಮೀನುಗಳ ಹೆಸರಿದ್ದವು, ಹಿಮ ತೆಗೆಯುವ ಸರದಿಯೂ ಅವರದೇ ಆಗಿತ್ತು.