ಈಸೂರಿನ ಇಬ್ಬರು ಅಮಲ್ದಾರರು

1942ರ ಸೆಪ್ಟೆಂಬರ್‌ನಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿಗೆ ಇಬ್ಬರು ಅಮಲ್ದಾರರು, ಎಂದರೆ ತಾಲ್ಲೂಕಿನ ಕಂದಾಯಾಧಿಕಾರಿಗಳು, ಇದ್ದರು. ಒಬ್ಬರು ಮೈಸೂರು ಮಹಾರಾಜರ ಸರ್ಕಾರದ ಚನ್ನಕೃಷ್ಣಪ್ಪ. ಇನ್ನೊಬ್ಬ ಊರವರೇ ಆರಿಸಿಕೊಂಡ ಜಯಣ್ಣ, ಮೀಸೆ ಮೂಡದ ಹುಡುಗ. ಅವನಂಥದೇ ಇನ್ನೊಬ್ಬ ಹುಡುಗ ಸಬ್‌ಇನ್‌ಸ್ಪೆಕ್ಟರ್. ಎಳೆಯರನ್ನು ಯಾರೂ ಜೈಲಿಗೆ ಹಾಕಲಾರರೆಂದು ಹಿರಿಯರ ಲೆಕ್ಕಾಚಾರ.

‘ಕ್ವಿಟ್ ಇಂಡಿಯಾ’ ಕರೆಗೆ ಈಸೂರು ಕೊಟ್ಟ ಈ ಉತ್ತರದಲ್ಲಿ ಅರ್ಧ ಬಯಲಾಟವಿತ್ತು, ಅರ್ಧ ನಿಜವಾದ ದಂಗೆ. ಕಂದಾಯ ಕೇಳಲು ಬಂದವರ ಲೆಕ್ಕದ ಪುಸ್ತಕ ಕಸಿದುಕೊಂಡರು. ಬೇಜವಾಬ್ದಾರಿ ಸರ್ಕಾರದ ಅಧಿಕಾರಿಗಳಿಗೆ ಪ್ರವೇಶವಿಲ್ಲವೆಂದು ಊರ ಬಾಗಿಲಿಗೆ ಬೋರ್ಡು ಹಾಕಿದರು. ಮೈಸೂರು ಕಾಂಗ್ರೆಸ್ ವರ್ಷಗಳಿಂದ ಕೇಳುತ್ತಿದ್ದದ್ದು ಜನರಿಗೆ ಉತ್ತರ ಹೇಳುವ ‘ಜವಾಬ್ದಾರಿ ಸರ್ಕಾರ’ವನ್ನೇ, ಬೋರ್ಡಿನ ಚುಚ್ಚು ಎಲ್ಲರಿಗೂ ತಿಳಿಯುವಂತಿತ್ತು. ಅಲ್ಲಿಯವರೆಗೆ ಯಾರ ಜೀವವೂ ಹೋಗಿರಲಿಲ್ಲ.

ಸೆಪ್ಟೆಂಬರ್ 28ರಂದು ಅಸಲಿ ಅಮಲ್ದಾರರು ಪೊಲೀಸರೊಂದಿಗೆ ಬಂದರು. ಗಾಂಧಿ ಟೋಪಿ ಹಾಕಿಕೊಳ್ಳಿ ಎಂದು ಜನ ಪಟ್ಟು ಹಿಡಿದರಂತೆ. ಮಾತಿಗೆ ಮಾತು ಬೆಳೆದು ಕೈಗೆ ಕೈ ಹತ್ತಿತು. ಗಲಭೆ ಮುಗಿದಾಗ ಚನ್ನಕೃಷ್ಣಪ್ಪನವರೂ ಸಬ್‌ಇನ್‌ಸ್ಪೆಕ್ಟರ್ ಕೆಂಚೇಗೌಡರೂ ಹೆಣವಾಗಿದ್ದರು. ಅಹಿಂಸೆಯ ಟೋಪಿಗಾಗಿಯೇ ಹೊಡೆದಾಟ ನಡೆಯಿತು ಎಂಬುದಕ್ಕಿಂತ ಕಹಿಯಾದ ವ್ಯಂಗ್ಯ ಆ ಚಳವಳಿಯಲ್ಲಿ ಸಿಗುವುದು ಕಷ್ಟ.

ಇದಾದ ಮೇಲೆ ಸರ್ಕಾರದ ಪಡೆಗಳು ಊರಿಗೆ ನುಗ್ಗಿ ಮನೆಗಳನ್ನು ಲೂಟಿ ಮಾಡಿದವು, ಜನ ಕಾಡು ಸೇರಿದರು.

ಇಪ್ಪತ್ತು ವರ್ಷ ಹಿಂದೆ, 1922ರ ಫೆಬ್ರುವರಿಯಲ್ಲಿ, ಚೌರಿಚೌರಾದಲ್ಲಿ ಪೊಲೀಸರು ಠಾಣೆಯೊಳಗೇ ಬೆಂದುಹೋದಾಗ ಗಾಂಧೀಜಿ ಅಸಹಕಾರ ಚಳವಳಿಯನ್ನೇ ನಿಲ್ಲಿಸಿದ್ದರು. ಈ ಸಲ ಬೇಡ ಎನ್ನಲು ಹೊರಗೆ ಯಾರೂ ಇರಲಿಲ್ಲ. ಆಗಸ್ಟ್ 9ರ ಬೆಳಗಿನ ಜಾವಕ್ಕೇ ಮುಖಂಡರೆಲ್ಲ ಬಂಧನದಲ್ಲಿದ್ದರು. ಚಳವಳಿಯ ಹಿಂಸೆಯ ಹೊಣೆಯನ್ನು ವೈಸರಾಯ್ ತಮ್ಮ ತಲೆಗೆ ಕಟ್ಟಿದ್ದನ್ನು ಗಾಂಧೀಜಿ ಒಪ್ಪದೆ ಪುಣೆಯ ಆಗಾಖಾನ್ ಅರಮನೆಯಲ್ಲಿ 21 ದಿನ ಉಪವಾಸ ಕೂತರು. ಅದು ಮುಗಿದದ್ದು 1943ರ ಮಾರ್ಚ್ 3ಕ್ಕೆ. ಅದೇ ತಿಂಗಳ 8ರಿಂದ 10ರೊಳಗೆ, ಇಬ್ಬರು ಅಧಿಕಾರಿಗಳ ಕೊಲೆಗಾಗಿ, ಈಸೂರಿನ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಬೆಂಗಳೂರಿನ ಜೈಲಿನಲ್ಲಿ ನೇಣಿಗೇರಿದರು. ಶಿಕ್ಷೆಗೊಳಗಾದವರಲ್ಲಿ ಹೆಂಗಸರೂ ಇದ್ದರು.

ಐವರ ಹೆಸರು ನಾಡಿಗೆ ಬಾಯಿಪಾಠ. ಸತ್ತ ಇಬ್ಬರು ಅಧಿಕಾರಿಗಳೂ ಕನ್ನಡಿಗರೇ, ಮೈಸೂರಿನ ಸಂಬಳದವರು. ಅವರ ಹೆಸರು ಹೇಳುವಾಗ ನಮ್ಮ ದನಿ ತಗ್ಗುತ್ತದೆ. ಈಸೂರಿನ ಧೈರ್ಯವನ್ನು ಮೆಚ್ಚುವವರು ಸೆಪ್ಟೆಂಬರ್ 28ರ ಆ ದಿನವನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು. ಊರಿನ ಬೋರ್ಡು ಕೇಳಿದ್ದ ಜವಾಬ್ದಾರಿ ಸರ್ಕಾರ ಬಂದದ್ದು 1947ರ ‘ಮೈಸೂರು ಚಲೋ’ ಸತ್ಯಾಗ್ರಹದ ನಂತರ. ಆ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು.