ಸಿಂಗಪುರದ ಉಮರು ಪುಲವರ್ ತಮಿಳು ಪಾಠಶಾಲೆ

ಜೀವನೋಪಾಯಕ್ಕಾಗಿ ಕಡಲನ್ನು ದಾಟಿದ ಜನರು ತಮ್ಮೊಡನೆ ದೇವರನ್ನೂ ನುಡಿಯನ್ನೂ ಕೊಂಡೊಯ್ಯುವರು. ದೇವರಿಗೆ ನೆಲೆ ಬೇಗನೆ ದೊರೆಯುವುದು. ನುಡಿಗೆ ದೊರೆಯುವುದು ತಡವಾಗಿ. ಸಿಂಗಪುರದ ತಮಿಳರ ಚರಿತ್ರೆಯೇ ಇದಕ್ಕೆ ನಿದರ್ಶನವಾಗಿದೆ. ಅಲ್ಲಿ ಮಾರಿಯಮ್ಮನ ಗುಡಿಯು 1827ರಲ್ಲಿಯೇ ಸ್ಥಾಪಿತವಾಯಿತು. 1834ರಲ್ಲಿ ಸಿಂಗಪುರದ ಫ್ರೀ ಸ್ಕೂಲಿನಲ್ಲಿ ಆರಂಭವಾದ ತಮಿಳು ತರಗತಿಯಾದರೋ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. 1887ರಲ್ಲಿ ಸೋಫಿಯಾ ಬ್ಲ್ಯಾಕ್‌ಮೋರ್ ಎಂಬ ಮೆಥೊಡಿಸ್ಟ್ ಪಂಥದ ಮಹಿಳೆಯು ತಮಿಳು ಬಾಲಿಕೆಯರಿಗಾಗಿ ತೆರೆದ ಶಾಲೆಯು ಕಾಲಕ್ರಮದಲ್ಲಿ ಇಂಗ್ಲಿಷ್ ಶಾಲೆಯಾಗಿ ಬೆಳೆಯಿತು. ಕಚೇರಿಯ ಬಾಗಿಲನ್ನು ತೆರೆಯುವ ಭಾಷೆ ಇಂಗ್ಲಿಷಾಗಿದ್ದುದರಿಂದ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಜಪಾನೀಯರ ಆಳ್ವಿಕೆಯು 1945ರಲ್ಲಿ ಕೊನೆಗೊಂಡ ಮರುವರ್ಷವೇ, ಅಂದರೆ 1946ರಲ್ಲಿ, ಕಡೈಯನಲ್ಲೂರಿನ ಮುಸಲ್ಮಾನರ ಸಂಘವು ಒಂದು ತಮಿಳು ಪಾಠಶಾಲೆಯನ್ನು ಸ್ಥಾಪಿಸಿತು. ಕಡೈಯನಲ್ಲೂರು ತಮಿಳುನಾಡಿನ ತೆಂಕಣ ಭಾಗದಲ್ಲಿರುವ ನೇಕಾರರ ಊರು. ಅಲ್ಲಿಂದ ವಲಸೆ ಹೋದವರಲ್ಲಿ ಅನೇಕರು ತಂಜೋಂಗ್ ಪಗಾರ್ ಬಂದರಿನ ಸುತ್ತಮುತ್ತ ನೆಲೆಸಿದ್ದರು. ಅವರು ಶಾಲೆಗೆ ಇಟ್ಟ ಹೆಸರೂ ಅರ್ಥವತ್ತಾದುದು. ಪೈಗಂಬರರ ಚರಿತೆಯನ್ನು 'ಸೀರಾಪ್ಪುರಾಣಂ' ಎಂಬ ತಮಿಳು ಕಾವ್ಯವಾಗಿ ರಚಿಸಿದ ಕವಿ ಉಮರು ಪುಲವರ್. ಮತಕ್ಕೂ ಮಾತೃಭಾಷೆಗೂ ವಿರೋಧವಿಲ್ಲವೆಂಬುದನ್ನು ಆ ಹೆಸರೇ ಸಾರುತ್ತಿದ್ದಿತು.

1960ರಲ್ಲಿ ಅದು ಪ್ರೌಢಶಾಲೆಯ ಪದವಿಗೇರಿತು. ಸಿಂಗಪುರದಲ್ಲಿ ತಮಿಳಿನ ಮೂಲಕ ಪ್ರೌಢಶಿಕ್ಷಣವನ್ನು ಕೊಡುತ್ತಿದ್ದ ಶಾಲೆ ಅದೊಂದೇ. ಆದರೆ ಭಾಷೆಗೆ ದೊರೆತ ಮನ್ನಣೆಯೂ ಶಾಲೆಗೆ ಆಸರೆಯಾಗಲಿಲ್ಲ. 1965ರಲ್ಲಿ ಸ್ವತಂತ್ರವಾದ ಸಿಂಗಪುರವು ಮಲಯ, ಚೀನೀ, ಇಂಗ್ಲಿಷ್ ಭಾಷೆಗಳೊಡನೆ ತಮಿಳನ್ನೂ ಅಧಿಕೃತ ಭಾಷೆಯೆಂದು ಅಂಗೀಕರಿಸಿತು. 1966ರಿಂದ ಪ್ರೌಢಶಾಲೆಗಳಲ್ಲಿ ಎರಡನೆಯ ಭಾಷೆಯ ಕಲಿಕೆಯನ್ನು ಕಡ್ಡಾಯಗೊಳಿಸಿತು. ಇಂಗ್ಲಿಷ್ ಶಾಲೆಯಲ್ಲಿದ್ದೇ ತಮಿಳನ್ನು ಒಂದು ಪಾಠವಾಗಿ ಕಲಿಯಬಹುದಾದಾಗ, ಎಲ್ಲ ವಿಷಯಗಳನ್ನೂ ತಮಿಳಿನಲ್ಲಿಯೇ ಕಲಿಸುವ ಶಾಲೆಗೆ ಮಕ್ಕಳನ್ನು ಕಳುಹಿಸಲು ತಂದೆತಾಯಿಗಳು ಹಿಂಜರಿದರು. ಅವರಿಗೆ ನುಡಿಯಲ್ಲಿ ಪ್ರೀತಿಯಿರಲಿಲ್ಲವೆನ್ನುವುದು ನ್ಯಾಯವಲ್ಲ; ಮಕ್ಕಳ ಅನ್ನದ ಚಿಂತೆಯೂ ಪ್ರೀತಿಯೇ ಅಲ್ಲವೆ? ವಿದ್ಯಾರ್ಥಿಗಳ ಸಂಖ್ಯೆ ಕುಗ್ಗುತ್ತ ಬಂದು, 1982ರಲ್ಲಿ ಶಾಲೆಯು ಮುಚ್ಚಿತು. ಅದರೊಡನೆ ಸಿಂಗಪುರದಲ್ಲಿ ತಮಿಳು ಮಾಧ್ಯಮದ ಶಾಲೆಗಳ ಯುಗವೂ ಮುಗಿಯಿತು.

ಹೆಸರು ಮಾತ್ರ ಅಳಿಯಲಿಲ್ಲ. 1983ರಲ್ಲಿ ಉಮರು ಪುಲವರ್ ತಮಿಳು ಭಾಷಾ ಕೇಂದ್ರವು ಆರಂಭವಾಯಿತು. ತಮ್ಮ ಶಾಲೆಗಳಲ್ಲಿ ತಮಿಳು ಬೋಧನೆಯಿಲ್ಲದ ಮಕ್ಕಳು ಅಲ್ಲಿಗೆ ಬಂದು ಕಲಿಯುವ ವ್ಯವಸ್ಥೆಯಾಯಿತು. ಗಣಿತವನ್ನೂ ಭೂಗೋಳವನ್ನೂ ಕಲಿಸುತ್ತಿದ್ದ ನುಡಿಯು ತಾನೇ ಒಂದು ಪಾಠವಾಗಿ ಉಳಿಯಿತು. ಇದನ್ನು ಸೋಲೆನ್ನುವವರೂ ಉಂಟು, ಉಳಿವೆನ್ನುವವರೂ ಉಂಟು. ಪಾಠವು ಮನೆಯ ಮಾತಿನೊಡನೆ ಬೆರೆತರೆ ಅದು ಉಳಿವು; ಪರೀಕ್ಷೆಯೊಡನೆ ಮುಗಿದರೆ ಸೋಲು. ಅದನ್ನು ನಿರ್ಣಯಿಸುವುದು ಶಾಲೆಯಲ್ಲ, ಮನೆ.