ಬಾಯಿ ತೆರೆಯದ ಗಂಟಲು, ಟಾಟಾ ಇನ್‌ಸ್ಟಿಟ್ಯೂಟ್‌ನ ಲೆಕ್ಕ

ಇವತ್ತಿನ ಎಪಿಸೋಡ್ ಗಂಟಲಿನ ಬಗ್ಗೆ. ಗಂಟಲು ನೋವು ಯಾರಿಗೆ ಬರಲ್ಲ ಅಂತೀರಾ? ನಾನು ಹೇಳ್ತಿರೋದು ಒಂದೇ ಪಕ್ಕಕ್ಕೆ ಬರೋ ನೋವು. ಟಾನ್ಸಿಲ್ ಪಕ್ಕದಲ್ಲಿ ಕೀವು ತುಂಬಿಕೊಳ್ಳುತ್ತೆ. ಎಂಜಲು ನುಂಗೋಕೂ ಆಗಲ್ಲ, ದವಡೆ ಬಿಗಿದುಕೊಂಡು ಬಾಯಿ ಪೂರ್ತಿ ತೆರೆಯಲ್ಲ. ದನಿಯೂ ಬದಲಾಗುತ್ತೆ, ಬಿಸಿ ಬೋಂಡಾ ಬಾಯಲ್ಲಿಟ್ಟುಕೊಂಡು ಮಾತಾಡಿದ ಹಾಗೆ. ಹದಿಹರೆಯದವರಿಂದ ಹಿಡಿದು ಮೂವತ್ತರ ಆಸುಪಾಸಿನವರಲ್ಲಿ ಇದು ಜಾಸ್ತಿ. ಅಂದ್ರೆ ನಮ್ಮ ಆನೇಕಲ್ ತಾಲ್ಲೂಕಿನ ಬೊಮ್ಮಸಂದ್ರ, ಜಿಗಣಿ ಕಡೆ ಶಿಫ್ಟ್ ಕೆಲಸಕ್ಕೆ ಹೋಗೋ ವಯಸ್ಸು.

ಕಾಯಿಲೆ ಹಳೇದೇ. ನೂರಾರು ವರ್ಷ ವೈದ್ಯರ ಹತ್ತಿರ ಇದ್ದದ್ದು ಕಣ್ಣು, ಬೆರಳು, ಒಂದು ದೀಪ ಅಷ್ಟೇ. ಕಿರುನಾಲಿಗೆ ಒಂದು ಕಡೆಗೆ ವಾಲಿದ್ರೆ ಇನ್ನೊಂದು ಕಡೆ ಕೀವಿದೆ ಅಂತ ಅಂದಾಜು. ಅದನ್ನ ನೋಡೋಕೆ ಬಾಯಿ ತೆರೀಬೇಕಲ್ಲ! ಗಂಟಲಿನ ಒಳಗೆ ಏನಾಗ್ತಿದೆ ಅಂತ ಕಾಣದೇ ಇದ್ದಾಗ ಏನಾಗುತ್ತೆ ಅನ್ನೋದಕ್ಕೆ ಜಾರ್ಜ್ ವಾಷಿಂಗ್ಟನ್ ಸಾವು ಉದಾಹರಣೆ. 1799ರ ಡಿಸೆಂಬರ್ 14. ಮೂವರು ವೈದ್ಯರು ಸುತ್ತ ಇದ್ದರು. ಎರಡು ಲೀಟರ್‌ಗೂ ಹೆಚ್ಚು ರಕ್ತ ಹರಿಸಿದರು. ಮೂವರಲ್ಲಿ ಚಿಕ್ಕವನಾದ ಎಲಿಷಾ ಡಿಕ್, ಉಸಿರಾಡೋಕೆ ಕುತ್ತಿಗೆಯಲ್ಲಿ ತೂತು ಮಾಡೋಣ ಅಂದ, ದೊಡ್ಡವರು ಒಪ್ಪಲಿಲ್ಲ. ಅದು ಟಾನ್ಸಿಲ್ ಕೀವೋ, ಶ್ವಾಸನಾಳದ ಮುಚ್ಚಳದ ಊತವೋ ಅಂತ ಚರ್ಚೆ ಇವತ್ತಿಗೂ ಇದೆ. ಮುಚ್ಚಳದ ಊತ ಅನ್ನೋರೇ ಹೆಚ್ಚು.

ಕೀವಿದೆ ಅಂತ ಗೊತ್ತಾದ್ರೂ ಚುಚ್ಚೋದು ಸುಲಭ ಅಲ್ಲ. ಮೆದುಳಿಗೆ ರಕ್ತ ಒಯ್ಯೋ ಕ್ಯಾರೋಟಿಡ್ ನಾಳ ಟಾನ್ಸಿಲ್‌ನಿಂದ ಸುಮಾರು ಎರಡೂವರೆ ಸೆಂಟಿಮೀಟರ್ ಹಿಂದೆ ಇರುತ್ತೆ. ಇನ್ನೊಂದು ಪ್ರಶ್ನೆ: ಅದು ಬರೀ ಊತವಾ, ಕೀವಾ? ಊತಕ್ಕೆ ಆಂಟಿಬಯಾಟಿಕ್ ಸಾಕಾಗಬಹುದು. ಕೀವನ್ನ ಸಾಮಾನ್ಯವಾಗಿ ಹೊರಗೆ ತೆಗೀಲೇಬೇಕು. ಕುತ್ತಿಗೆಯ ಆಳಕ್ಕೆ, ಅಲ್ಲಿಂದ ಎದೆಗೆ ಇಳಿದರಂತೂ ಜೀವಕ್ಕೇ ಅಪಾಯ.

ಇಲ್ಲಿ ಸಿಟಿ ಸ್ಕ್ಯಾನ್ ಬರುತ್ತೆ. ಬಾಯಿ ತೆರೆಯೋ ಗೊಡವೆಯೇ ಇಲ್ಲ. ರಕ್ತನಾಳಕ್ಕೆ ಕಾಂಟ್ರಾಸ್ಟ್ ಔಷಧಿ ಬಿಟ್ಟು ಚಿತ್ರ ತೆಗೆದ್ರೆ ಕೀವು ಕಪ್ಪಾಗಿ, ಸುತ್ತ ಬೆಳ್ಳಗಿನ ಅಂಚು ಕಟ್ಟಿಕೊಂಡು ಕಾಣುತ್ತೆ. ಕ್ಯಾರೋಟಿಡ್ ಎಷ್ಟು ದೂರ ಅನ್ನೋದೂ ಅದೇ ಚಿತ್ರದಲ್ಲಿ.

ಮೊದಲ ರೋಗಿಯ ಸ್ಕ್ಯಾನ್ ಆಗಿದ್ದು 1971ರ ಅಕ್ಟೋಬರ್ 1ರಂದು, ಲಂಡನ್‌ನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ. ಯಂತ್ರ ಕಟ್ಟಿದ್ದು ಇಎಂಐ ಕಂಪನಿಯ ಗಾಡ್‌ಫ್ರೇ ಹೌನ್ಸ್‌ಫೀಲ್ಡ್. ಹೌದು, ಬೀಟಲ್ಸ್ ರೆಕಾರ್ಡ್ ಮಾಡ್ತಿದ್ದ ಅದೇ ಇಎಂಐ. ಚಿತ್ರ 80×80, ಅಂದ್ರೆ 6,400 ಚೌಕ. ತಲೆ ಮಾತ್ರ ನೋಡಬಹುದಿತ್ತು, ಒಂದು ಸ್ಕ್ಯಾನ್‌ಗೆ ನಾಲ್ಕೈದು ನಿಮಿಷ. ನುಂಗ್ತಾ, ಉಸಿರಾಡ್ತಾ ಇರೋ ಗಂಟಲು ಅಷ್ಟು ಹೊತ್ತು ಅಲ್ಲಾಡದೆ ಇರುತ್ತಾ? ಗಂಟಲಿಗೆ ವೇಗ ಬೇಕಿತ್ತು, ಯಂತ್ರದಲ್ಲೂ ಲೆಕ್ಕದಲ್ಲೂ.

ಲೆಕ್ಕ ಅಂದಾಗ ಬಿ.ಕಾಂ ಓದಿದ ನನಗೆ ಖುಷಿ. ಒಂದು ಎಕ್ಸೆಲ್ ಶೀಟ್ ತಗೊಳ್ಳಿ. ಒಳಗಿನ ಅಂಕಿ ಎಲ್ಲಾ ಅಳಿಸಿಹೋಗಿದೆ. ಅಡ್ಡ ಮೊತ್ತ, ಉದ್ದ ಮೊತ್ತ, ಓರೆ ಮೊತ್ತ ಮಾತ್ರ ಉಳಿದಿದೆ. ಒಳಗಿನ ಅಂಕಿ ಕಂಡುಹಿಡೀರಿ ಅಂದ್ರೆ? ಸಿಟಿ ಮಾಡೋದು ಅದನ್ನೇ. ಎಕ್ಸ್‌ರೇ ಕಿರಣ ದೇಹ ದಾಟಿ ಬಂದಾಗ ಸಿಗೋದು ಆ ದಾರಿಯ ಒಟ್ಟು ಮೊತ್ತ ಅಷ್ಟೇ. ಪ್ರತಿ ಮೊತ್ತವನ್ನ ಅದರ ಸಾಲಿಗೆ ಸಮವಾಗಿ ಹಂಚಿಬಿಟ್ರೆ ಚಿತ್ರ ಮಬ್ಬು ಮಬ್ಬಾಗಿ ಬರುತ್ತೆ.

ಆ ಮಬ್ಬು ತೆಗೆಯೋ ದಾರಿ ಬಂದಿದ್ದು ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಿಂದ, ಅಂದ್ರೆ ಐಐಎಸ್‌ಸಿಯಿಂದ. ಆನೇಕಲ್‌ನಿಂದ ನಲವತ್ತು ಚಿಲ್ಲರೆ ಕಿಲೋಮೀಟರ್. ಅಲ್ಲಿನ ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್ ಬರೆದ ಪ್ರಬಂಧ ಅಮೆರಿಕದ ಪಿಎನ್ಎಎಸ್ ಪತ್ರಿಕೆಯಲ್ಲಿ ಬಂದಿದ್ದು 1971ರ ಸೆಪ್ಟೆಂಬರ್‌ನಲ್ಲಿ. ಲಂಡನ್ ಸ್ಕ್ಯಾನ್‌ಗಿಂತ ಸ್ವಲ್ಪ ಮುಂಚೆ! ಅವರ ಉಪಾಯ ಇಷ್ಟು: ಮೊತ್ತವನ್ನ ಹಂಚೋ ಮೊದಲು ಅಕ್ಕಪಕ್ಕದ ಮೊತ್ತಗಳ ಒಂದು ಪಾಲನ್ನ ಅದರಿಂದ ಕಳೆದುಬಿಡಿ. ಹಳೆಯ ವಿಧಾನಕ್ಕಿಂತ ಸುಮಾರು 30 ಪಟ್ಟು ವೇಗ ಅಂತ ಅವರೇ ಬರೆದಿದ್ದಾರೆ. ಎಕ್ಸ್‌ರೇಗೂ ಉಪಯೋಗ ಆಗುತ್ತೆ ಅಂತಲೂ ಹೇಳಿದ್ದಾರೆ.

1979ರ ನೊಬೆಲ್ ಹೌನ್ಸ್‌ಫೀಲ್ಡ್ ಮತ್ತು ಅಲನ್ ಕಾರ್ಮಾಕ್ ಅವರಿಗೆ ಹೋಯ್ತು. "ನಮ್ಮವರಿಗೆ ಮೋಸ" ಅಂತ ವಾಟ್ಸ್ಆ್ಯಪ್ ಫಾರ್ವರ್ಡ್ ಮಾಡೋ ವಿಷಯ ಇದಲ್ಲ ಅನ್ನೋದು ನನ್ನ ಅಭಿಪ್ರಾಯ. ಹೌನ್ಸ್‌ಫೀಲ್ಡ್‌ನ ಮೊದಲ ಯಂತ್ರ ಬೇರೆ ಲೆಕ್ಕದ ಮೇಲೆ ನಡೀತಿತ್ತು. ಇದೇ ಥರದ ಉಪಾಯವನ್ನ ರೇಡಿಯೋ ಖಗೋಳಶಾಸ್ತ್ರದಲ್ಲಿ ಬ್ರೇಸ್‌ವೆಲ್ ಮತ್ತು ರಿಡಲ್ 1967ರಲ್ಲೇ ಹೇಳಿದ್ದರು. ಆದ್ರೆ ಮುಂದೆ ಸಿಟಿ ಯಂತ್ರಗಳು ಹಿಡಿದ ದಾರಿ ಬೆಂಗಳೂರಿನ ಪ್ರಬಂಧದ್ದು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಮೇಜಿಂಗ್ ಕೆಲಸ ಮಾಡೋ ಫ್ರೆಂಡ್ ಇದ್ರೆ ಕೇಳಿ ನೋಡಿ: ಮ್ಯಾಟ್‌ಲ್ಯಾಬ್‌ನಲ್ಲಿ ಈ ಲೆಕ್ಕಕ್ಕೆ ಡೀಫಾಲ್ಟ್ ಫಿಲ್ಟರ್‌ನ ಹೆಸರೇ "ರ‍್ಯಾಮ್-ಲ್ಯಾಕ್". ರಾಮಚಂದ್ರನ್–ಲಕ್ಷ್ಮೀನಾರಾಯಣನ್!

ಹಾಗಂತ ಗಂಟಲು ಕೆರೆದರೆ ಸ್ಕ್ಯಾನ್ ಸೆಂಟರ್‌ಗೆ ಓಡಬೇಡಿ. ಸಿಟಿಯಲ್ಲಿ ವಿಕಿರಣ ಇದೆ, ಖರ್ಚೂ ಇದೆ. ಎಷ್ಟೋ ಸಲ ಇಎನ್‌ಟಿ ಡಾಕ್ಟರ್ ಕಣ್ಣಲ್ಲಿ ನೋಡಿಯೇ ಹೇಳ್ತಾರೆ. ಬಾಯಿ ತೆರೆಯದಿದ್ದಾಗ, ಕೀವು ಆಳಕ್ಕೆ ಇಳಿದ ಅನುಮಾನ ಬಂದಾಗ, ಔಷಧಿಗೆ ಬಗ್ಗದಿದ್ದಾಗ ಸ್ಕ್ಯಾನ್ ಬರೀತಾರೆ. ನೀವು ಮಾಡಬೇಕಾದ್ದು ಇಷ್ಟೇ: ಒಂದೇ ಪಕ್ಕ ನೋವು, ಜ್ವರ, ಬಾಯಿ ಬಿಗಿತ ಒಟ್ಟಿಗೆ ಬಂದ್ರೆ ಮೆಡಿಕಲ್ ಶಾಪ್‌ನಲ್ಲಿ ಎರಡು ಮಾತ್ರೆ ತಗೊಂಡು ನೈಟ್ ಶಿಫ್ಟ್‌ಗೆ ಹೋಗಬೇಡಿ, ಡಾಕ್ಟರ್ ಹತ್ತಿರ ಹೋಗಿ. ಎಂಜಲು ನುಂಗೋಕೆ ಆಗದೆ ಸುರೀತಿದ್ರೆ, ಉಸಿರು ಕಟ್ಟಿದ ಹಾಗಾದ್ರೆ ಬೆಳಗಾಗ್ಲಿ ಅಂತ ಕಾಯಬೇಡಿ. ಸೀದಾ ಎಮರ್ಜೆನ್ಸಿಗೆ ಹೋಗಿ.

ಮುಂದಿನ ವಾರ ಸಿಗೋಣ.